ಪದ ಪರಿಚಯ: ಬ್ಲೆಫರೋಪ್ಲಾಸ್ಟಿ

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೊರಟರೆ ‘ಪೊರೆ ತೆಗೆಸೋಕಾ?’ ಎಂದೇ ಕೇಳುತ್ತಾರೆ. ಕಣ್ಣಿಗೆ ಬೇರೆ ಆಪರೇಷನ್ನುಗಳೂ ಇವೆ. ರೆಪ್ಪೆಯ ಜೋತುಬಿದ್ದ ಚರ್ಮವನ್ನೂ ಉಬ್ಬಿದ ಕೊಬ್ಬನ್ನೂ ಸರಿಪಡಿಸುವುದಕ್ಕೆ ಬ್ಲೆಫರೋಪ್ಲಾಸ್ಟಿ ಎನ್ನುತ್ತಾರೆ. ಈ ಹೆಸರನ್ನು 1818ರಲ್ಲೇ ಬಳಸಿದವನು ಜರ್ಮನ್ ಸರ್ಜನ್ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ. ಆಗ ಅದು ಅಂದಕ್ಕಲ್ಲ, ಹಾಳಾದ ರೆಪ್ಪೆಯನ್ನು ಮತ್ತೆ ಕಟ್ಟುವುದಕ್ಕೆ.

ಕಣ್ಣ ಕೆಳಗಿನ ಚೀಲ ಹೊಸದಾಗಿ ಬೆಳೆದ ಕೊಬ್ಬಲ್ಲ. ಕಣ್ಣುಗುಡ್ಡೆಗೆ ಆಸರೆಯಾಗಿ ಮೊದಲಿನಿಂದ ಇದ್ದದ್ದೇ. ಅದನ್ನು ತಡೆದಿಟ್ಟ ತೆಳುಪರದೆ ವಯಸ್ಸಾದಂತೆ ಸಡಿಲವಾಗಿ, ಕೊಬ್ಬು ಮುಂದಕ್ಕೆ ಬರುತ್ತದೆ. ಊಟ ಬಿಟ್ಟರೆ ಹೋಗುವಂಥದ್ದಲ್ಲ.

ಈ ಚೀಲವನ್ನು ಸರಿಪಡಿಸುವ ‘ಹೊರಗೆ ಗಾಯವಿಲ್ಲದ’ ವಿಧಾನದಲ್ಲಿ ಕೆಳರೆಪ್ಪೆಯನ್ನು ಹೊರಕ್ಕೆ ಮಡಚಿ, ಒಳಗಿನ ಕೆಂಪು ಪೊರೆಯಲ್ಲಿ ಕೊಯ್ಯುತ್ತಾರೆ. ಕೊಬ್ಬನ್ನು ಸ್ವಲ್ಪ ತೆಗೆಯುತ್ತಾರೆ, ಇಲ್ಲವೇ ಕೆಳಗಿನ ಗುಳಿಗೆ ಸರಿಸುತ್ತಾರೆ. ಹೊರಗಡೆ ಕಲೆ ಉಳಿಯುವುದಿಲ್ಲ. ಆದರೆ ಸಡಿಲಾದ ಚರ್ಮ ಇದರಿಂದ ಬಿಗಿಯಾಗುವುದಿಲ್ಲ. ಜಾಹೀರಾತಿನವರು ಇದನ್ನು ಹೇಳುವುದು ಕಡಿಮೆ. ಮೇಲಿನ ರೆಪ್ಪೆಯಲ್ಲಾದರೆ ಚರ್ಮದ ಮೇಲೇ ಗೀರುತ್ತಾರೆ, ಆ ಗುರುತು ಮಡಿಕೆಯಲ್ಲಿ ಅಡಗುತ್ತದೆ.

ಇನ್ನು ಕೆಲವರಿಗೆ ಚರ್ಮ ಜಾಸ್ತಿಯಾಗಿರುವುದಿಲ್ಲ, ರೆಪ್ಪೆ ಎತ್ತುವ ಸ್ನಾಯುವೇ ಸೋತಿರುತ್ತದೆ. ಅದು ಟೋಸಿಸ್. ಅಂಥವರಿಗೆ ಬರೀ ಚರ್ಮ ಕತ್ತರಿಸಿದರೆ ಕಣ್ಣು ಹಾಗೇ ಅರ್ಧ ಮುಚ್ಚಿರುತ್ತದೆ. ಆಮೇಲೆ ‘ಆಪರೇಷನ್ ಫೇಲಾಯ್ತು’ ಅನ್ನುತ್ತಾರೆ. ನಿಜಕ್ಕೂ ತಪ್ಪಿದ್ದು ಅದಕ್ಕೂ ಮುಂಚಿನ ತಪಾಸಣೆಯಲ್ಲಿ.

ಕೆಟ್ಟದ್ದನ್ನು ಸರಿಪಡಿಸುವ ಎರಡನೇ ಆಪರೇಷನ್ನಿಗೆ ರಿವಿಷನ್ ಎನ್ನುತ್ತಾರೆ. ಹೆಚ್ಚು ಕಾಡುವುದು ಅತಿಯಾಗಿ ತೆಗೆದದ್ದು. ಟೇಲರ್ ಬಟ್ಟೆ ಉದ್ದ ಬಿಟ್ಟಿದ್ದರೆ ಮಡಚಬಹುದು, ಗಿಡ್ಡ ಮಾಡಿದ್ದರೆ ತುಂಡು ಜೋಡಿಸಬೇಕು, ಅಲ್ವಾ? ಮೇಲಿನ ಚರ್ಮ ಕಡಿಮೆಯಾದರೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಕೆಳರೆಪ್ಪೆ ಜಗ್ಗಿದರೆ ಬಿಳಿಗುಡ್ಡೆ ಜಾಸ್ತಿ ಕಾಣುತ್ತದೆ, ಕಣ್ಣು ಒಣಗುತ್ತದೆ, ಉರಿಯುತ್ತದೆ. ಹುಬ್ಬಳ್ಳಿಯ ಧೂಳಿನಲ್ಲಿ, ಗದಗದ ಕಡೆಯ ಗಾಳಿಯಲ್ಲಿ ಬೈಕ್ ಓಡಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ಕೊಬ್ಬನ್ನು ಜಾಸ್ತಿ ತೆಗೆದಿದ್ದರೆ ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ.

ಇಂಥದ್ದಕ್ಕೆ ಕಿವಿಯ ಹಿಂದಿನ ಚರ್ಮ ತಂದು ಕಸಿ ಮಾಡುತ್ತಾರೆ, ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ಗುಳಿಗೆ ತುಂಬುತ್ತಾರೆ, ಜಗ್ಗಿದ ರೆಪ್ಪೆಯ ಹೊರತುದಿಯನ್ನು ಎಲುಬಿನ ಅಂಚಿಗೆ ಬಿಗಿಯುತ್ತಾರೆ. ಆದರೆ ತಕ್ಷಣವೇ ಅಲ್ಲ. ಊತ ಇಳಿದು ಗಾಯದ ಗಂಟು ಮೆತ್ತಗಾಗಲು ಸಾಮಾನ್ಯವಾಗಿ 6 ತಿಂಗಳಾದರೂ ಕಾಯುತ್ತಾರೆ. ಅಲ್ಲಿಯವರೆಗೆ ಕಣ್ಣಿಗೆ ಹನಿ, ರಾತ್ರಿ ಮುಲಾಮು. ಕರಿಗುಡ್ಡೆಯೇ ಒಣಗಿ ಹುಣ್ಣಾಗುವಂತಿದ್ದರೆ ಮಾತ್ರ ಕಾಯುವ ಮಾತಿಲ್ಲ. ಮೊದಲ ಆಪರೇಷನ್ನಾಗಲಿ ಎರಡನೆಯದಾಗಲಿ, ಮುಗಿದ ಮೇಲೆ ಜೋರು ನೋವು ಬಂದು ದೃಷ್ಟಿ ಮಸುಕಾದರೆ ಒಳಗೆ ರಕ್ತ ತುಂಬುತ್ತಿರಬಹುದು. ಬೆಳಗಾಗಲಿ ಎಂದು ಕೂರದೆ ಆಗಲೇ ಆಸ್ಪತ್ರೆಗೆ ಓಡಬೇಕು. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ರಿವಿಷನ್ನಿಗೆ ಹೋಗುವಾಗ ಹಳೇ ಡಿಸ್ಚಾರ್ಜ್ ಚೀಟಿಯ ಜೊತೆ ಮೊದಲ ಆಪರೇಷನ್ನಿಗೂ ಮುಂಚಿನ ಫೋಟೊ ಒಯ್ಯಿರಿ. ಆಗ ರೆಪ್ಪೆ ಎಲ್ಲಿತ್ತು ಅನ್ನುವುದು ಸರ್ಜನ್ನರಿಗೆ ಗೊತ್ತಾಗಬೇಕು. ಮದುವೆ ಆಲ್ಬಮ್ಮಾದರೂ ನಡೆಯುತ್ತದೆ.