ತಾಯ್ ಚಿ ಅಂದ್ರೆ ಏನು, ಮಂಡಿ ಸವೆದವರಿಗೆ ಅದು ಯಾಕೆ ಒಳ್ಳೇದು

ಮಂಡಿ ನೋವಿನ ಬಗ್ಗೆ ಯೂಟ್ಯೂಬಲ್ಲಿ ಏನೇ ಹುಡುಕಿದ್ರೂ ಈಗ ಈ ಹೆಸರು ಎದುರಿಗೆ ಬರ್ತದೆ, ಫಿಸಿಯೋಥೆರಪಿಯವರೂ ಕೆಲವರು ಹೇಳ್ತಾರೆ, ಆದ್ರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಹೇಳಿದ್ರೆ "ಅದು ಕರಾಟೆ ತರದ್ದಾ?" ಅಂತ ಕೇಳ್ತಾರೆ. ಪೂರ್ತಿ ತಪ್ಪೇನಲ್ಲ. ತಾಯ್ ಚಿ ಹುಟ್ಟಿದ್ದು ಚೀನಾದಲ್ಲಿ, ಅದೂ ಹೊಡೆದಾಟದ ವಿದ್ಯೆಯಾಗಿಯೇ, ಹೆನಾನ್ ಪ್ರಾಂತ್ಯದ ಚೆನ್ ಮನೆತನದವರ ಊರಲ್ಲಿ 17ನೇ ಶತಮಾನದ ಹೊತ್ತಿಗೆ ರೂಪ ತಗೊಂಡಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ, ಆಮೇಲೆ ಯಾಂಗ್, ಸುನ್ ಅಂತೆಲ್ಲ ಬೇರೆ ಬೇರೆ ಪದ್ಧತಿಗಳಾದ್ವು. ಇವತ್ತು ಮಾಡೋರಲ್ಲಿ ಹೆಚ್ಚಿನವರಿಗೆ ಹೊಡೆದಾಟ ಬೇಕಾಗಿಲ್ಲ. ನಿಂತ್ಕೊಂಡು, ಮಂಡಿನ ಒಂಚೂರು ಸಡಿಲ ಬಿಟ್ಟು, ಮೈಭಾರನ ಒಂದು ಕಾಲಿಂದ ಇನ್ನೊಂದು ಕಾಲಿಗೆ ನಿಧಾನಕ್ಕೆ ದಾಟಿಸ್ತಾ, ಕೈ ಸೊಂಟ ಒಟ್ಟಿಗೆ ತಿರುಗಿಸ್ತಾ, ಉಸಿರು ಬಿಗಿ ಹಿಡಿಯದೆ, ಗಮನ ಪೂರ್ತಿ ಮೈಮೇಲೇ ಇಟ್ಟು ಮಾಡೋ ವ್ಯಾಯಾಮ ಇದು. ಮನಸ್ಸು ದೇಹ ಎರಡೂ ಸೇರಿ ಮಾಡೋದು ಅನ್ನೋ ಕಾರಣಕ್ಕೆ ಡಾಕ್ಟ್ರುಗಳು ಇದನ್ನ ಯೋಗದ ಜೊತೆ ಮೈಂಡ್-ಬಾಡಿ ಎಕ್ಸರ್ಸೈಜ್ ಅನ್ನೋ ಗುಂಪಿಗೆ ಸೇರಿಸ್ತಾರೆ.

ಇದು ಮಂಡಿಗೆ ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಸವೆತ ಅಂದ್ರೆ ಏನು ಅಂತ ಮೊದಲು ನೋಡ್ಬೇಕು. ಡಾಕ್ಟ್ರು ಆಸ್ಟಿಯೋಆರ್ಥ್ರೈಟಿಸ್ ಅಂತಾರೆ, ನಾವು ಮನೇಲಿ "ಮಂಡಿ ಸವೆದಿದೆ" ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ತೊಡೆ ಮೂಳೆಯ ತುದಿಗೂ ಕೆಳಗಿನ ಕಾಲಿನ ಮೂಳೆಯ ತುದಿಗೂ ಹೊದಿಸಿದ ಹಾಗೆ ನುಣ್ಣಗಿನ ಮೃದ್ವಸ್ಥಿ ಇರ್ತದೆ, ಅದು ವರ್ಷಗಳು ಹೋದ ಹಾಗೆ ತೆಳ್ಳಗಾಗ್ತದೆ, ಒರಟಾಗ್ತದೆ, ಅಂಚಲ್ಲಿ ಮೂಳೆ ಬೆಳೀತದೆ, ಕೀಲಿನ ಒಳಪದರಕ್ಕೆ ಆಗಾಗ ಊತ ಬರ್ತದೆ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಅಂದ್ರೆ ಆ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದಕ್ಕೆ ಬೇಕಾದ ಪೋಷಣೆ ಎಲ್ಲ ಕೀಲೊಳಗಿನ ದ್ರವದಿಂದ್ಲೇ ಬರ್ಬೇಕು, ಮೇಲೆ ಭಾರ ಬಿದ್ದು ಬಿಟ್ಟು, ಬಿದ್ದು ಬಿಟ್ಟು ಆದಾಗ್ಲೇ ಆ ದ್ರವ ಒಳಗೆ ಹೊರಗೆ ಓಡಾಡೋದು. ಅಂದ್ರೆ ಕಾಲು ಅಲುಗಾಡಿಸದೆ ಕೂತ್ರೆ ಮಂಡಿ ಉಳಿಯಲ್ಲ, ಇನ್ನೂ ಬಡವಾಗ್ತದೆ. ಅದರ ಜೊತೆಗೆ ತೊಡೆ ಮುಂಭಾಗದ ಸ್ನಾಯು ಸೊರಗ್ತದೆ, ಮೆಟ್ಟಿಲು ಇಳಿಯುವಾಗ ಮೈಭಾರ ತಡೀಬೇಕಾದ ಸ್ನಾಯು ಅದೇ, ಅದು ಸೊರಗಿದ್ರೆ ಅಷ್ಟೂ ಹೊಡೆತ ಕೀಲಿಗೇ.

ನಮ್ಮ ಮಲೆನಾಡಲ್ಲಿ ಇದು ಕಣ್ಣಿಗೆ ಕಾಣ್ತದೆ. ಮನೆ ಗುಡ್ಡದ ಮೇಲೆ, ತೋಟ ಕೆಳಗೆ ಕಣಿವೇಲಿ, ಹತ್ತಿ ಇಳಿದೇ ಬದುಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತ್ರೆ ಮಧ್ಯರಾತ್ರಿ ದಾಟಿದ್ರೂ ಏಳಲ್ಲ, ಒಂದು ಕಾಲು ಮಡಚಿ ಒಂದು ಕಾಲು ಮಣೆ ಮೇಲೆ ಒತ್ತಿ ಕೂತಿದ್ದೇ ಕೂತಿದ್ದು, ಆಮೇಲೆ ಏಳೋವಾಗ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಗೋಡೆಗೆ ಹಿಡಿದು, "ಅಯ್ಯೋ ರಾಮ" ಅಂತ ಅರ್ಧ ಎದ್ದು, ಸೊಂಟ ಬಗ್ಗಿದ ಹಾಗೇ ನಾಕು ಹೆಜ್ಜೆ ಹೋದ್ಮೇಲೆ ಕಾಲು ನೆಟ್ಟಗಾಗೋದು. ಕೂತು ಎದ್ದಾಗ ಮಂಡಿ ಹಿಡ್ಕೊಳ್ಳೋದು, ನಾಕು ಹೆಜ್ಜೆ ನಡೆದ ಮೇಲೆ ಬಿಡೋದು ಸವೆತದ ಮುಖ್ಯ ಗುರುತು.

ನಮ್ಮ ದೊಡ್ಡಮ್ಮನಿಗೆ ಎಕ್ಸ್‌ರೇ ಮಾಡಿಸಿ ಸವೆದಿದೆ ಅಂತ ಹೇಳಿ ಕಳಿಸಿದ ದಿನದಿಂದ ಅವರು ಅಂಗಳಕ್ಕೂ ಇಳಿಯೋದು ಬಿಟ್ಟಿದ್ರು. ನಾನು ವ್ಯಾಯಾಮ ಮಾಡಿ ಅಂದಾಗ, "ಸವೆದು ಹೋಗಿದ್ದನ್ನ ಇನ್ನೂ ಸವೆಸು ಅಂತೀಯಲ್ಲೇ ಮಾರಾಯ್ತಿ" ಅಂದ್ರು. ಈ ಹೆದರಿಕೆ ಬಹಳ ನಿಜವಾದ್ದು, ಮನೆ ಮನೇಲೂ ಇದೆ, ನೋವು ಜಾಸ್ತಿ ಮಾಡೋದ್ರಲ್ಲಿ ಇದರ ಪಾಲೂ ದೊಡ್ಡದು. ಎಕ್ಸ್‌ರೇಲಿ ಕಾಣೋ ಸವೆತಕ್ಕೂ ಅನುಭವಿಸೋ ನೋವಿಗೂ ಸರಿಯಾದ ಲೆಕ್ಕ ಕೂಡೋದೇ ಇಲ್ಲ, ಫೋಟೋದಲ್ಲಿ ಮಂಡಿ ಬಹಳ ಹಾಳಾಗಿದ್ರೂ ಆರಾಮಾಗಿ ತೋಟ ಸುತ್ತೋರಿದ್ದಾರೆ, ಸ್ವಲ್ಪವೇ ಸವೆದಿದ್ರೂ ನಿದ್ದೆ ಬಾರದೆ ಒದ್ದಾಡೋರಿದ್ದಾರೆ. ಹೆದರಿಕೆ, ನಿದ್ದೆ ಇಲ್ಲದ್ದು, ಬೇಜಾರು, ಸ್ನಾಯು ಸೊರಗಿದ್ದು ಎಲ್ಲ ಸೇರಿ ನೋವು ಆಗ್ತದೆ, ಅದಕ್ಕೇ ಮನಸ್ಸನ್ನೂ ಜೊತೆಗೆ ತಗೊಳ್ಳೋ ವ್ಯಾಯಾಮಕ್ಕೆ ಇಲ್ಲಿ ಅರ್ಥ ಇರೋದು.

ಇದು ಬರೀ ನಂಬಿಕೆ ಮಾತಲ್ಲ. ಅಮೆರಿಕದ ಬಾಸ್ಟನ್ನಿನ ಟಫ್ಟ್ಸ್ ಮೆಡಿಕಲ್ ಸೆಂಟರಿನ ಚೆನ್‌ಚೆನ್ ವಾಂಗ್ ಮತ್ತು ಅವರ ಜೊತೆಯವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮಂಡಿ ಸವೆತ ಇರೋ 204 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 2 ಸಲದ ಹಾಗೆ 12 ವಾರ ಯಾಂಗ್ ಪದ್ಧತಿಯ ತಾಯ್ ಚಿ, ಇನ್ನೊಂದಕ್ಕೆ ಸಾಮಾನ್ಯ ಫಿಸಿಯೋಥೆರಪಿ ಕೊಟ್ರು. ನೋವು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇಳೀತು, ಆ ಲಾಭ 1 ವರ್ಷದವರೆಗೂ ನಿಂತಿತ್ತು, ತಾಯ್ ಚಿ ಮಾಡಿದವರಲ್ಲಿ ಮನಸ್ಸಿನ ಕುಗ್ಗು ಇನ್ನೂ ಜಾಸ್ತಿ ಕಮ್ಮಿಯಾಗಿತ್ತು. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆ 2019ರ ಮಾರ್ಗಸೂಚೀಲಿ ಮಂಡಿ ಮತ್ತು ಸೊಂಟದ ಕೀಲಿನ ಸವೆತಕ್ಕೆ ತಾಯ್ ಚಿಯನ್ನ ಬಲವಾಗಿ ಶಿಫಾರಸು ಮಾಡಿದೆ. ಹಾಗಂತ ಸವೆದ ಮೃದ್ವಸ್ಥಿ ಮತ್ತೆ ಬೆಳೀತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಕಮ್ಮಿಯಾಗೋದು ನೋವು, ಬಿಗಿತ ಮತ್ತೆ ಬೀಳೋ ಭಯ, ಜಾಸ್ತಿಯಾಗೋದು ಕಾಲಿನ ಶಕ್ತಿ.

ಇನ್ನು ಮಾಡೋದು ಹೇಗೆ. ತಾಯ್ ಚಿಯಲ್ಲಿ ನೂರೆಂಟು ಭಂಗಿಗಳಿದ್ರೂ ಮಂಡಿಗೆ ಬೇಕಾದ ಜೀವಾಳ ಒಂದೇ, ಭಾರ ದಾಟಿಸೋದು. ಪಾದ ಎರಡನ್ನೂ ಸೊಂಟದಷ್ಟು ಅಗಲ ಇಟ್ಕೊಂಡು ನಿಲ್ಲಿ, ಪಕ್ಕದಲ್ಲಿ ಜಗಲಿ ಕಂಬನೋ ಗಟ್ಟಿ ಕುರ್ಚಿನೋ ಇರ್ಲಿ. ಮಂಡಿ ಬೀಗ ಹಾಕಿದ ಹಾಗೆ ಹಿಂದಕ್ಕೆ ಸೆಟೆಸ್ಬೇಡಿ, ಒಂದು ಸ್ವಲ್ಪ ಸಡಿಲ. ಈಗ ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಬಗ್ಗಿಸೋ ಹಾಗೆ ಎಡಗಾಲಿನ ಭಾರನ ಬಲಗಾಲಿಗೆ ಬಿಡ್ತಾ ಹೋಗಿ, ಎಡಗಾಲು ಪೂರ್ತಿ ಹಗುರ ಆದ್ಮೇಲೆ ಮಾತ್ರ ಹಿಮ್ಮಡಿ ಎತ್ತಿ ಒಂದು ಸಣ್ಣ ಹೆಜ್ಜೆ ಮುಂದಿಡಿ, ಹಿಮ್ಮಡಿ ಮೊದಲು ನೆಲಕ್ಕೆ ತಾಗ್ಲಿ, ಆಮೇಲೆ ಪಾದ, ಆಮೇಲೆ ನಿಧಾನಕ್ಕೆ ಭಾರ. ಮಂಡಿ ಯಾವಾಗ್ಲೂ ಕಾಲ್ಬೆರಳು ನೋಡ್ತಿರೋ ದಿಕ್ಕಲ್ಲೇ ಇರ್ಬೇಕು, ಒಳಗೆ ವಾಲಬಾರ್ದು, ಬೆರಳು ದಾಟಿ ಮುಂದೂ ಹೋಗಬಾರ್ದು. ತಿರುಗುವಾಗ ಭಾರ ಇರೋ ಕಾಲನ್ನ ನೆಲದ ಮೇಲೆ ತಿರುಚ್ಬೇಡಿ, ಭಾರ ತೆಗೆದು ಆಮೇಲೆ ಪಾದ ತಿರುಗಿಸಿ. ವಿಡಿಯೋ ನೋಡ್ಕೊಂಡು ಮಾಡೋರಿಗೆ ಮಂಡಿ ನೋವು ಬರೋದು ಬಹಳ ಸಲ ಇದೊಂದರಿಂದ್ಲೇ, ಅದೂ ಅಲ್ದೆ ಸಿನಿಮಾದಲ್ಲಿ ಕಾಣೋ ಹಾಗೆ ತಗ್ಗಾಗಿ ಕೂರೋ ಭಂಗಿ ನಮಗೆ ಬೇಡವೇ ಬೇಡ. ಆಸ್ಟ್ರೇಲಿಯಾದ ಡಾಕ್ಟ್ರು ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತ ಇರೋರಿಗಂತಲೇ ಒಂದು ಕ್ರಮ ರೂಪಿಸಿದಾಗ ಸುನ್ ಪದ್ಧತಿನ ಆರಿಸ್ಕೊಂಡ್ರು, ಅದ್ರಲ್ಲಿ ನಿಲುವು ಎತ್ತರ, ಹೆಜ್ಜೆ ಸಣ್ಣದು. ನಿಂತು ಆಗದವರಿಗೆ ಕುರ್ಚಿ ಮೇಲೆ ಕೂತು ಮಾಡೋ ಕ್ರಮವೂ ಇದೆ.

ಮಳೆಗಾಲಕ್ಕೆ ಇದು ಬಹಳ ಹೊಂದ್ತದೆ ಅಂತ ನನಗೆ ಅನ್ಸೋದು. ಜೂನ್ ಬಂತು ಅಂದ್ರೆ ಶಿವಮೊಗ್ಗದ ಪಾರ್ಕಲ್ಲಿ ವಾಕಿಂಗ್ ಮಾಡೋರೂ ಮನೆ ಸೇರ್ತಾರೆ, ಇನ್ನು ಆಗುಂಬೆ ಕಡೆಯ ಮನೆಗಳಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿ ಕಾಲಿಟ್ರೆ ಜಾರೋ ಸ್ಥಿತಿ, ವಯಸ್ಸಾದವರು ಮೂರು ನಾಕು ತಿಂಗಳು ಒಲೆ ಮುಂದೆ ಕೂತೇ ಇರ್ತಾರೆ, ಮಳೆ ಬಿಡೋ ಹೊತ್ತಿಗೆ ಕಾಲಲ್ಲಿ ಇದ್ದ ಕಸುವೂ ಹೋಗಿರ್ತದೆ. ಜಗಲೀಲಿ ಒಂದು ಚಾಪೆ ಹಾಸೋ ಅಷ್ಟು ಜಾಗ ಸಿಕ್ರೆ ತಾಯ್ ಚಿಗೆ ಸಾಕು. ಚಾಪೆ ಮೇಲೆ ಮಾತ್ರ ಮಾಡ್ಬೇಡಿ, ಅದು ಜರುಗ್ತದೆ. ರೆಡ್ ಆಕ್ಸೈಡ್ ನೆಲ ಆದ್ರೆ ಸಾಕ್ಸ್ ಬೇಡ, ನೆಲ ಒಣಗಿರ್ಬೇಕು.

ಯೋಗ ಮಾಡ್ತಿರೋರು ಬಿಟ್ಟು ಇದಕ್ಕೆ ಬರ್ಬೇಕಂತ ಇಲ್ಲ, ಅದೇ ಮಾರ್ಗಸೂಚೀಲಿ ಮಂಡಿ ಸವೆತಕ್ಕೆ ಯೋಗಕ್ಕೂ ಶಿಫಾರಸಿದೆ, ಅಷ್ಟು ಬಲವಾಗಿ ಅಲ್ಲ ಅಷ್ಟೇ. ವಜ್ರಾಸನ, ಪದ್ಮಾಸನದಂಥ ಮಂಡಿ ಪೂರ್ತಿ ಮಡಚೋದನ್ನ ನೋವಿದ್ದಾಗ ಹಠ ಮಾಡಿ ಮಾಡೋದು ಬೇಡ, ಗುರುಗಳಿಗೆ ಮೊದಲೇ ಹೇಳಿಬಿಡಿ. ತೂಕ ಜಾಸ್ತಿ ಇದ್ರೆ ಅದರ ಕಡೆಗೂ ಗಮನ ಕೊಡಿ, 1 ಕೆಜಿ ಇಳಿದ್ರೆ ಪ್ರತಿ ಹೆಜ್ಜೇಲೂ ಮಂಡಿ ಮೇಲೆ ಬೀಳೋ ಭಾರ ಸುಮಾರು 4 ಕೆಜಿ ಕಮ್ಮಿ ಆಗ್ತದೆ.

ಮಾಡುವಾಗ ಸ್ವಲ್ಪ ನೋವು ಬಂದ್ರೆ ಹೆದರಬೇಡಿ. ಮಾರನೇ ದಿನ ಬೆಳಿಗ್ಗೆಗೆ ಅದು ಎಂದಿನ ಮಟ್ಟಕ್ಕೆ ಇಳಿದಿದ್ರೆ ಅಷ್ಟೇ ಮುಂದುವರಿಸಿ, ಇಳಿದಿಲ್ಲ ಅಂದ್ರೆ ಹೊತ್ತು ಕಮ್ಮಿ ಮಾಡಿ, ಹೆಜ್ಜೆ ಸಣ್ಣ ಮಾಡಿ. ಶುರುವಲ್ಲಿ ಐದು ಹತ್ತು ನಿಮಿಷ ಸಾಕು. ಕಲಿಸೋರು ಹತ್ತಿರದಲ್ಲಿ ಸಿಗದಿದ್ರೆ ಒಂದು ಸಲ ಫಿಸಿಯೋಥೆರಪಿಸ್ಟ್ ಎದುರಿಗೆ ಮಾಡಿ ತೋರಿಸಿ, ಮಂಡಿ ಒಳಗೆ ವಾಲೋದು ನಮಗೆ ಗೊತ್ತಾಗಲ್ಲ, ಅವರಿಗೆ ಒಂದೇ ನೋಟಕ್ಕೆ ಕಾಣ್ತದೆ. ಮಂಡಿ ಇದ್ದಕ್ಕಿದ್ದ ಹಾಗೆ ಊದಿ ಬಿಸಿಯಾಗಿ ಕೆಂಪಾದ್ರೆ, ಜೊತೆಗೆ ಜ್ವರ ಬಂದ್ರೆ, ಬಿದ್ದ ಮೇಲೆ ಕಾಲೂರೋಕೆ ಆಗದಿದ್ರೆ, ಕೀಲು ಸಿಕ್ಕಿಹಾಕ್ಕೊಂಡು ಬಿಡಿಸೋಕೆ ಬರದಿದ್ರೆ ಅದು ವ್ಯಾಯಾಮದ ಮಾತಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.