ಅಶೋಕ ಬದಲಾದದ್ದು ಒಂದೇ ದಿನದಲ್ಲಲ್ಲ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಇದೆ. ಅಲ್ಲಿನ ಬಂಡೆಯೊಂದರ ಮೇಲೆ ದೊರೆಯೊಬ್ಬ ತನ್ನ ಬಗ್ಗೆ ಹೇಳಿಕೊಂಡ ಮಾತಿದೆ. ಅದರ ಸಾರ ಇಷ್ಟು: ನಾನು ಉಪಾಸಕನಾಗಿ (ಮನೆಯಲ್ಲಿದ್ದುಕೊಂಡೇ ಬುದ್ಧನನ್ನು ಅನುಸರಿಸುವವನಾಗಿ) ಎರಡೂವರೆ ವರ್ಷ ದಾಟಿತು. ಆದರೆ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ. ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಬಂದ ಮೇಲೆ, ಈಗ ಒಂದು ವರ್ಷಕ್ಕೂ ಜಾಸ್ತಿ ಕಾಲದಿಂದ, ಮನಸ್ಸಿಟ್ಟು ಪ್ರಯತ್ನ ಮಾಡುತ್ತಿದ್ದೇನೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಧರ್ಮದಿಂದ ಮನುಷ್ಯನ ಗುಣ ಬದಲಾಗುತ್ತದಾ ಎಂಬ ಮಾತು ಬಂದಾಗೆಲ್ಲ ನನಗೆ ನೆನಪಾಗುವುದು ಆ ‘ಒಂದು ವರ್ಷ’. ಪ್ರಜೆಗಳೆಲ್ಲ ಓದಲಿ ಎಂದು ಕೆತ್ತಿಸಿದ ಕಲ್ಲಿನಲ್ಲಿ ಅದನ್ನು ಯಾಕೆ ಹೇಳಬೇಕಿತ್ತು? ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಿ.ಎಲ್. ರೈಸ್ 1892ರಲ್ಲಿ ಈ ಶಾಸನವನ್ನು ಪತ್ತೆಮಾಡಿದರು. ಅದರಲ್ಲಿ ದೊರೆಯ ಹೆಸರಿರಲಿಲ್ಲ, ‘ದೇವಾನಾಂಪ್ರಿಯ’, ಅಂದರೆ ದೇವತೆಗಳಿಗೆ ಪ್ರಿಯನಾದವನು, ಎಂದಷ್ಟೇ ಇತ್ತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಕಲ್ಲು, ಈ ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹಿಡಿದು ಹೇಳಿತು.

ಅಷ್ಟರಲ್ಲಿ ದಂತಕಥೆಯ ಅಶೋಕ ಶತಮಾನಗಳ ಕಾಲ ಬೆಳೆದುಬಿಟ್ಟಿದ್ದ. ಬೌದ್ಧರ ಕಥೆಗಳಲ್ಲಿ ಅವನು ಮೊದಲು ಚಂಡಾಶೋಕ, ಅಂದರೆ ಕ್ರೂರಿ ಅಶೋಕ, ಆಮೇಲೆ ಧರ್ಮಾಶೋಕ. ಸಿಂಹಳದ ಪುರಾಣಗಳ ಪ್ರಕಾರ 99 ಅಣ್ಣತಮ್ಮಂದಿರನ್ನು ಕೊಂದವನು. ಆದರೆ ಅವನ ಐದನೇ ಬಂಡೆ ಶಾಸನದಲ್ಲಿ ಸಹೋದರ, ಸಹೋದರಿಯರ ಮನೆಗಳ ಪ್ರಸ್ತಾಪವೇ ಇದೆ. ಮೊದಲಿನ ಬದುಕು ಎಷ್ಟು ಕಪ್ಪಾಗಿದ್ದರೆ ಆಮೇಲಿನ ಬೆಳಕು ಅಷ್ಟು ಎದ್ದು ಕಾಣುತ್ತದೆ, ಅಲ್ವಾ? ಕಥೆ ಕಟ್ಟಿದವರಿಗೆ ಅದು ಬೇಕಿತ್ತು. ನನಗೆ ಅವನ ಸ್ವಂತ ಮಾತೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಪಟ್ಟಕ್ಕೆ ಬಂದು ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದ. ಹದಿಮೂರನೇ ಬಂಡೆ ಶಾಸನದಲ್ಲಿ ಅವನೇ ಕೊಟ್ಟ ಲೆಕ್ಕ: 1,50,000 ಜನರನ್ನು ಊರು ಬಿಡಿಸಿ ಸಾಗಿಸಿದ್ದು, 1,00,000 ಜನರ ಕೊಲೆ, ಅದರ ಎಷ್ಟೋ ಪಟ್ಟು ಜನ ಬೇರೆ ಕಾರಣಗಳಿಂದ ಸತ್ತರು. ಆಮೇಲೆ ಬರುವ ಮಾತು ಇನ್ನೂ ಆಳದ್ದು. ತಮಗೆ ಏನೂ ಆಗದೆ ಉಳಿದವರೂ ನೋಯುತ್ತಾರೆ, ಯಾಕಂದರೆ ಅವರ ಗೆಳೆಯರು, ಬಂಧುಗಳು, ಒಡನಾಡಿಗಳು ಕಷ್ಟಕ್ಕೆ ಸಿಕ್ಕಿರುತ್ತಾರೆ ಅನ್ನುತ್ತಾನೆ. ಗೆದ್ದವನೊಬ್ಬ ಸೋತವರ ಮನೆಯೊಳಗಿನ ದುಃಖ ಎಣಿಸುವುದು ಸಣ್ಣ ವಿಷಯವಲ್ಲ. ಕಳಿಂಗ ಕೈಸೇರಿದ ಮೇಲೆಯೇ ಧರ್ಮದ ಸೆಳೆತ ತೀವ್ರವಾಯಿತು ಎಂದೂ ಅಲ್ಲೇ ಇದೆ. ಹಾಗಾಗಿ ಅವನನ್ನು ಮೊದಲು ಅಲುಗಾಡಿಸಿದ್ದು ತನ್ನದೇ ಯುದ್ಧ ಎಂದು ನಾನು ಓದಿಕೊಳ್ಳುತ್ತೇನೆ. ಆ ನೋವು ನಾಲ್ಕು ದಿನಕ್ಕೆ ಆರಿಹೋಗದಂತೆ ಹಿಡಿದಿಟ್ಟದ್ದು ಧರ್ಮ.

ಅರಮನೆಯ ಅಡುಗೆಮನೆಯಲ್ಲೂ ಇದು ಕಾಣುತ್ತದೆ. ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾರಿಗಾಗಿ ಸಾಯುತ್ತಿದ್ದವಂತೆ. ಈಗ ಮೂರೇ, ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನಾ ಅಲ್ಲ ಎಂದು ಮೊದಲನೇ ಬಂಡೆ ಶಾಸನ ಹೇಳುತ್ತದೆ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂಬ ಮಾತೂ ಇದೆ. ಪೂರ್ತಿ ಬಿಡಲು ಇನ್ನೂ ಆಗಿಲ್ಲ ಎಂದು ಒಪ್ಪಿಕೊಂಡವನ ದನಿ ಅದು.

ಬದಲಾಗದೆ ಉಳಿದದ್ದೂ ಕಲ್ಲಿನಲ್ಲೇ ಇದೆ. ಕಳಿಂಗವನ್ನು ಬಿಟ್ಟುಕೊಟ್ಟೆ ಎಂದು ಯಾವ ಶಾಸನವೂ ಹೇಳುವುದಿಲ್ಲ. ಪಶ್ಚಾತ್ತಾಪದ ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯಿದೆ: ನನಗೆ ಪಶ್ಚಾತ್ತಾಪವಿದ್ದರೂ ಶಿಕ್ಷಿಸುವ ಶಕ್ತಿಯಿದೆ, ನಾಚಿ ನಡೆಯಿರಿ, ಇಲ್ಲದಿದ್ದರೆ ಸಾಯುತ್ತೀರಿ. ಇನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಈ ಹದಿಮೂರನೇ ಶಾಸನವನ್ನು ಕೆತ್ತಿಸಲೇ ಇಲ್ಲ. ನೊಂದವರ ಊರಿನಲ್ಲೇ ಆ ಮಾತಿಲ್ಲ ಅನ್ನುವುದು ನನ್ನನ್ನು ಬಹಳ ಕಾಡಿದೆ.

ಪಟ್ಟಕ್ಕೆ ಬಂದ ಇಪ್ಪತ್ತಾರನೇ ವರ್ಷದ ಕಂಬ ಶಾಸನಗಳಲ್ಲಿ ಗಿಳಿ, ಗೊರವಂಕ, ಬಾವಲಿ, ಅಳಿಲು, ಮುಳ್ಳುಹಂದಿ ಇವನ್ನೆಲ್ಲ ಕೊಲ್ಲಬಾರದು ಎಂಬ ಪಟ್ಟಿ ಇದೆ. ಗಬ್ಬವಾದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಯನ್ನು, ಆರು ತಿಂಗಳೊಳಗಿನ ಮರಿಗಳನ್ನು ಮುಟ್ಟುವಂತಿಲ್ಲ. ಅದೇ ವರ್ಷ ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನ ಬಿಡುವು ಕೊಟ್ಟ. ಬಂಧುಗಳು ಓಡಾಡಿ ಜೀವ ಉಳಿಸಿಕೊಳ್ಳಲಿ, ಆಗದಿದ್ದರೆ ದಾನವೋ ಉಪವಾಸವೋ ಮಾಡಿ ಪರಲೋಕಕ್ಕೆ ಸಿದ್ಧವಾಗಲಿ ಎಂದು. ಮರಣದಂಡನೆ ಮಾತ್ರ ಹಾಗೇ ಉಳಿಯಿತು.

ಮರುವರ್ಷ, ಏಳನೇ ಕಂಬ ಶಾಸನದಲ್ಲಿ ಹಿಂದಿರುಗಿ ನೋಡುತ್ತಾನೆ. ಜನ ಧರ್ಮದಲ್ಲಿ ಮುಂದೆ ಬಂದದ್ದು ಎರಡು ದಾರಿಯಿಂದ ಅನ್ನುತ್ತಾನೆ: ಒಂದು ನಿಯಮ, ಇನ್ನೊಂದು ‘ನಿಜ್ಝತಿ’, ಅಂದರೆ ಮನಸ್ಸಿಗೆ ತಂದುಕೊಂಡು ಯೋಚಿಸುವುದು. ಪ್ರಾಣಿಗಳ ಪಟ್ಟಿ ಮಾಡಿದೆನಲ್ಲ, ಅದು ನಿಯಮ, ಅದರಿಂದ ಆದದ್ದು ಸ್ವಲ್ಪ. ಜಾಸ್ತಿ ಆದದ್ದು ನಿಜ್ಝತಿಯಿಂದ ಎಂದು ಅವನೇ ಬರೆಸಿದ್ದಾನೆ.