ಛೇದದಲ್ಲಿ ಕುಳಿತ 300

ವರ್ಷಕ್ಕೆ ಒಬ್ಬರಾದರೂ ಹಾಳೆ ಹಿಡಿದು ನನ್ನ ಮೇಜಿನ ಬಳಿ ಬರುತ್ತಾರೆ. "ಸರ್, ಜೆಲ್ಡೋವಿಚ್ ಸಂಖ್ಯೆ 58 ಬಂದಿದೆ." ಜ್ವಾಲೆಯ ಉಷ್ಣತೆ ತುಸು ಬದಲಾದರೆ ಸುಡುವ ಕ್ರಿಯೆಯ ವೇಗ ಎಷ್ಟು ಬದಲಾಗುತ್ತದೆ ಎಂದು ಹೇಳುವ ಸಂಖ್ಯೆ ಅದು. ಹಾಳೆ ನೋಡುವುದೇ ಬೇಡ, ಸಕ್ರಿಯಣ ಶಕ್ತಿಯ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಕೆಳಗೆ, ಛೇದದಲ್ಲಿ, 300 ಕೆಲ್ವಿನ್ ಕುಳಿತಿರುತ್ತದೆ.

ಸಕ್ರಿಯಣ ಶಕ್ತಿ ಮೋಲ್‌ಗೆ 167 ಕಿಲೋಜೂಲ್, ಉರಿದ ಅನಿಲ 2200 ಕೆಲ್ವಿನ್, ಒಳಬರುವ ಮಿಶ್ರಣ 300 ಎಂದಿಟ್ಟುಕೊಳ್ಳಿ. ಅನಿಲ ನಿಯತಾಂಕ ಮತ್ತು 2200ರ ಗುಣಲಬ್ಧದಿಂದ ಶಕ್ತಿಯನ್ನು ಭಾಗಿಸಿದರೆ 9.1, ಅದನ್ನು 1900/2200ರಿಂದ ಗುಣಿಸಿದರೆ ಸುಮಾರು 8. ಭಾಗಿಸಬೇಕಾದದ್ದು ಉರಿದ ಕಡೆಯ ಉಷ್ಣತೆಯಿಂದ. 300ಕ್ಕೆ ಜಾಗವಿರುವುದು 2200ರಿಂದ ಅದನ್ನು ಕಳೆದು 1900 ಪಡೆಯುವಾಗ ಮಾತ್ರ.

ಮೊನ್ನೆ ಬಂದ ಹುಡುಗಿ ಪಟ್ಟು ಬಿಡಲಿಲ್ಲ: "ಇಂಧನ ಒಳಬರುವುದು 300ರಲ್ಲೇ ಅಲ್ಲವೇ ಸರ್?" ಪ್ರಶ್ನೆ ಇಷ್ಟವಾಯಿತು. ಪ್ರಯೋಗಾಲಯಕ್ಕೆ ಕರೆದೊಯ್ದು, ಬುನ್ಸನ್ ಬರ್ನರಿನ ಕೊಳವೆಯ ಬಾಯಿಯ ನಟ್ಟನಡುವೆ ಗುಂಡುಸೂಜಿ ಚುಚ್ಚಿದ ಬೆಂಕಿಕಡ್ಡಿಯನ್ನು ನಿಲ್ಲಿಸಿ ಬರ್ನರ್ ಹೊತ್ತಿಸಿದೆ. ಮೇಲೆ ನೀಲಿ ಶಂಕು ಭರ್ರೆಂದು ಉರಿಯುತ್ತಿತ್ತು. ಒಳಗೆ ಕಡ್ಡಿಯ ಕೆಂಪು ತಲೆ ಹಾಗೆಯೇ ಇತ್ತು. ಅಲ್ಲಿರುವುದು ತಣ್ಣನೆಯ ಅನಿಲ. ಸುಡುವ ಕೆಲಸವೆಲ್ಲ ಆ ನೀಲಿ ಗೆರೆಯಲ್ಲಿ, ಅದರಲ್ಲೂ ಬಿಸಿಯಾದ ಅಂಚಿನ ತೆಳು ಪದರದಲ್ಲಿ. ಪದರ ಎಷ್ಟು ತೆಳು ಎಂದರೆ, ಜ್ವಾಲೆಯ ದಪ್ಪವನ್ನು ಈ ಸಂಖ್ಯೆಯಿಂದ ಭಾಗಿಸಿದಷ್ಟು.

ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಸಂಖ್ಯೆ 8 ಇದ್ದರೆ, ಜ್ವಾಲೆಯ ಉಷ್ಣತೆ 1900ರ ಎಂಟನೇ ಒಂದು ಭಾಗ, ಅಂದರೆ ಸುಮಾರು 240 ಕೆಲ್ವಿನ್ ಇಳಿದಾಗ ಕ್ರಿಯೆಯ ವೇಗ ಮೂರನೇ ಒಂದಕ್ಕೆ ಬೀಳುತ್ತದೆ. 58 ನಿಜವಾಗಿದ್ದರೆ ಬರೀ 33 ಕೆಲ್ವಿನ್ ಸಾಕಾಗುತ್ತಿತ್ತು. ಅಷ್ಟು ಮುನಿಸಿನ ಜ್ವಾಲೆಯ ಮೇಲೆ ಯಾರು ಅನ್ನ ಬೇಯಿಸಿಯಾರು?

ಒಂದು ಎಚ್ಚರಿಕೆ. 1938ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಜೆಲ್ಡೋವಿಚ್ ಮತ್ತು ಫ್ರಾಂಕ್-ಕಾಮೆನೆಟ್ಸ್ಕಿ ಜ್ವಾಲೆಗೆ ಕೊಟ್ಟ ಸಿದ್ಧಾಂತ ದಹನವನ್ನು ಒಂದೇ ಹೆಜ್ಜೆಯ ಕ್ರಿಯೆ ಎಂದು ಎಣಿಸುತ್ತದೆ; ನಿಜದಲ್ಲಿ ಹೆಜ್ಜೆಗಳು ನೂರಾರು. ಆದ್ದರಿಂದ 167 ಇಂಧನದ ಹುಟ್ಟುಗುಣವಲ್ಲ. ಜ್ವಾಲೆಯ ಉಷ್ಣತೆ ಬದಲಾದಾಗ ಅದರ ವೇಗ ಎಷ್ಟು ಬದಲಾಗುತ್ತದೆ ಎಂದು ಅಳೆದು ಪಡೆಯುವ ಒಟ್ಟಂದಾಜು ಅದು. ಮಿಶ್ರಣವೋ ಒತ್ತಡವೋ ಬದಲಾದರೆ ಅದೂ ಬದಲಾಗಬಹುದು.

ಹುಡುಗಿ 7.9 ಎಂದು ತಿದ್ದಿಕೊಂಡು ಹೋದಳು. ಮರುವಾರ ಅವಳ ಗೆಳೆಯ ಬಂದ. ಅವನ ಛೇದದಲ್ಲಿ 300 ಇರಲಿಲ್ಲ, 1927 ಇತ್ತು. ಸೆಲ್ಸಿಯಸ್.